ಇಪ್ಪತ್ತನಾಲ್ಕು ಕೊಡುತ್ತದೆ ಎಂದ ಕಾರಜ್ಜನಿಗೆ

ಬಂಕ್‌ಶಕ ಅರವತ್ತೊಂದು, ಭಾದ್ರಪದದ ಅಮಾವಾಸ್ಯೆ, ಗಜೇಂದ್ರಗಡ.

ಕಾರಜ್ಜನಿಗೆ ಅವನ ಐದನೆಯ ತಲೆಮಾರಿನ ಮೊಮ್ಮಗಳು ನಿಂಬೆವ್ವನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಕೊನೆಯ ಪೆಟ್ರೋಲ್ ಬಂಕು ಮುಚ್ಚಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ, ಅದಕ್ಕೇ ಅದು ಬಂಕ್‌ಶಕ. ನಿನ್ನ ಗೋಡೆಯ ಕ್ಯಾಲೆಂಡರಿನ ಪ್ರಕಾರ ಇದು ಎರಡು ಸಾವಿರದ ನೂರ ನಲವತ್ತೊಂದು ಇರಬೇಕು, ಒಂದೆರಡು ವರ್ಷ ಆಚೆ ಈಚೆ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ಬಂದರೆ ಮನ್ನಿಸು. ನಿನ್ನ ಕಾಲದ ಪದಗಳು ನನಗೂ ಅಷ್ಟೇ ತೊಡಕು. ಶೋರೂಮು, ಆನ್‌ರೋಡ್, ಫ್ರೀ ಸರ್ವಿಸ್ ಎಂಬ ಮಾತುಗಳು ನಮ್ಮ ಮನೆಯ ಕಥೆಗಳಲ್ಲಿ ಬರುತ್ತವೆ. ಅರ್ಥ ಗೊತ್ತಿಲ್ಲದ ಮಂತ್ರದಂತೆ ಅವನ್ನು ಹೇಳಿಕೊಂಡು ಬಂದಿದ್ದೇವೆ. ನಿನ್ನ ಹೆಸರು ಅಂದಾನಪ್ಪ ಎಂಬುದು ನನಗೆ ಗೊತ್ತು. ಆದರೆ ಮನೆಯಲ್ಲಿ ಯಾರೂ ನಿನ್ನನ್ನು ಹಾಗೆ ಕರೆಯುವುದಿಲ್ಲ. ವಂಶದಲ್ಲಿ ಮೊದಲು ಕಾರು ತಂದವನು ನೀನು, ಆದ್ದರಿಂದ ನೀನು ಕಾರಜ್ಜ. ಈ ಪತ್ರ ಮುಟ್ಟುವ ಹೊತ್ತಿಗೆ ಆ ಸಣ್ಣ ಬಿಳಿ ಕಾರು ನಿನ್ನ ಮನೆಗೆ ಬಂದು ತಿಂಗಳಾಗಿರುತ್ತದೆ. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ನೀನಿನ್ನೂ ತೆಗೆದಿರುವುದಿಲ್ಲ.

ಇಂದು ಹಿರೇರ ಹಬ್ಬ. ನಿಮ್ಮ ಕಾಲದಂತೆಯೇ ಈಗಲೂ ಹಿರಿಯರಿಗೆ ಎಡೆ ಬಡಿಸಿ, ಅವರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ಕೂಡುತ್ತೇವೆ. ನಮ್ಮ ಮನೆಯಲ್ಲಿ ನಿನ್ನ ಎಡೆಯ ಪಕ್ಕ, ಕಡುಬಿನ ಆಚೆ, ಒಂದು ಚಮಚ ಇಂಧನವನ್ನೂ ಇಡುವುದು ರೂಢಿ. ಈ ವರ್ಷ ನಾನು ಇಡಲಿಲ್ಲ. ಅದರ ಬದಲು ಈ ಕಾಗದವನ್ನು ಎಲೆಯ ಕೆಳಗೆ ಇಡುತ್ತಿದ್ದೇನೆ. ನನಗೆ ನಿನ್ನ ಮೇಲೆ ಸಿಟ್ಟಿದೆ ಅಜ್ಜ. ಹಿರಿಯರ ಮೇಲೆ ಸಿಟ್ಟಿದ್ದರೆ ಎಡೆಯ ಮುಂದೆಯೇ ಹೇಳಬೇಕು, ಹಿಂದಿನಿಂದ ಆಡಬಾರದು ಎಂದು ಊರಿನ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಕ್ಕೋರು ನಾನೇ. ನಾನೇ ತಪ್ಪಿದರೆ ಹೇಗೆ?

ಮೊದಲು ನಮ್ಮ ಬದುಕು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿನ್ನ ಕಾರು ಇನ್ನೂ ಓಡುತ್ತದೆ. ನಗಬೇಡ, ನಿಜವಾಗಿಯೂ ಓಡುತ್ತದೆ. ನಿನ್ನ ಮೊಮ್ಮಕ್ಕಳ ಕಾಲದಲ್ಲಿ ಬ್ಯಾಟರಿ ಗಾಡಿಗಳು ರಸ್ತೆ ತುಂಬಿದ್ದವಂತೆ. ಬ್ಯಾಟರಿ ಸತ್ತ ಮೇಲೆ ಅದನ್ನು ಮತ್ತೆ ಮಾಡುವ ವಿದ್ಯೆ ನಮ್ಮ ಕಡೆ ಯಾರಿಗೂ ಇರಲಿಲ್ಲ, ತರಿಸುವ ದಾರಿಯೂ ಉಳಿಯಲಿಲ್ಲ. ನಿನ್ನ ಗಾಡಿಯದು ಕಬ್ಬಿಣದ ಎಂಜಿನ್ನು. ನಮ್ಮ ಕಮ್ಮಾರರು ಅದರೊಳಗಿನ ಬುದ್ಧಿವಂತ ತಂತಿಗಳನ್ನೆಲ್ಲ ಕಿತ್ತೆಸೆದು, ಕೈಯಿಂದ ಮಾಡಿದ ಭಾಗಗಳನ್ನು ಹಾಕಿ ಉಳಿಸಿಕೊಂಡರು. ಅದು ಕುಡಿಯುವುದು ದಂಟೆಣ್ಣೆ, ಅಂದರೆ ಜೋಳದ ದಂಟು ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸಿ ತೆಗೆದ ಇಂಧನ. ದಂಟು ಎತ್ತುಗಳ ಮೇವೂ ಹೌದು. ಒಂದು ಲೀಟರು ದಂಟೆಣ್ಣೆ ಇಳಿಸಿದರೆ ಒಂದು ಎತ್ತಿನ ಎರಡು ದಿನದ ಮೇವು ಹೋಯಿತು. ಆದ್ದರಿಂದ ಯಾರಿಗೆ ಎಷ್ಟು ಎನ್ನುವುದನ್ನು ಹಂಚಿಕೆ ಕಟ್ಟೆ ಎಂಬ ಪಂಚಾಯ್ತಿ ನಿರ್ಧರಿಸುತ್ತದೆ. ಮೂರು ಸಾವಿರ ಜನರ ಈ ಊರಿಗೆ ಇರುವುದು ಒಂದೇ ಗಾಡಿ. ಹೆರಿಗೆ ಕಷ್ಟವಾದವರಿಗೆ, ಹಾವು ಕಡಿದವರಿಗೆ, ಗಿರಣಿಯಲ್ಲಿ ಕೈ ಸಿಕ್ಕಿದವರಿಗೆ ಅದೇ ಗತಿ. ಅದನ್ನು ಓಡಿಸುವ ಹೊಣೆ ನಮ್ಮ ಮನೆಯದು, ಮೂವತ್ತು ವರ್ಷದಿಂದ ನನ್ನ ಅವ್ವ ಗಂಗವ್ವನದು.

ಈಗ ಅಂಕಿಯ ವಿಷಯಕ್ಕೆ ಬರುತ್ತೇನೆ. ಗಾಡಿ ತಂದ ಮೊದಲ ವಾರವೇ ನಿನ್ನ ಸಡ್ಡಕ ಮನೆಗೆ ಬಂದು ಬಾನೆಟ್ಟಿಗೆ ಕೈಯೂರಿ ನಿಂತು, "ಎಷ್ಟ ಕೊಡತೈತಿ?" ಎಂದು ಕೇಳಿದನಂತೆ. ಅವನ ಕಾರು ಇಪ್ಪತ್ತೆರಡು ಕೊಡುತ್ತದೆ ಎಂದು ಮದುವೆ ಮುಂಜಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದವನು. ನೀನು ಎಲೆಯಡಿಕೆ ಮಡಿಚುತ್ತ, ಮುಖ ಕೂಡ ಎತ್ತದೆ, "ಇಪ್ಪತ್ನಾಕಕ್ಕ ಕಮ್ಮಿ ಇಲ್ಲ" ಅಂದೆಯಂತೆ. ಕಂಪನಿಯ ಕಾಗದದಲ್ಲಿ ಅಷ್ಟೇ ಇತ್ತು, ನಿಜ. ಆದರೆ ಅದು ಕೋಣೆಯೊಳಗೆ ಯಂತ್ರದ ಮೇಲೆ ಗಾಲಿ ತಿರುಗಿಸಿ ತೆಗೆದ ಅಂಕಿ ಎಂದು ಅದೇ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದು ರೋಣದ ರಸ್ತೆಯ ತಗ್ಗು ಕಂಡಿರಲಿಲ್ಲ, ಏಸಿ ಹಾಕಿಕೊಂಡು ಐದು ಜನರನ್ನೂ ಹೋಳಿಗೆಯ ಬುಟ್ಟಿಯನ್ನೂ ಹೊತ್ತಿರಲಿಲ್ಲ, ಸಂತೆಯಲ್ಲಿ ಎಮ್ಮೆಯ ಹಿಂದೆ ಒಂದನೇ ಗೇರಿನಲ್ಲಿ ತೆವಳಿರಲಿಲ್ಲ. ನೀನು ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದವನೇ. ನಿನಗೆ ಸಿಕ್ಕಿದ್ದು ಹದಿನಾರೋ ಹದಿನಾರೂವರೆಯೋ ಇರಬೇಕು. ನಿನ್ನ ಮಡದಿ ಪಾರವ್ವಜ್ಜಿ, ನೀನು ಇಪ್ಪತ್ನಾಲ್ಕು ಎಂದಾಗಲೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ನಗುತ್ತಿದ್ದಳಂತೆ. ಕಥೆಯ ಜೊತೆಗೆ ಆ ನಗುವೂ ನಮ್ಮವರೆಗೆ ಬಂದಿದೆ. ಹೇಳುವವರು ಆ ಜಾಗಕ್ಕೆ ಬಂದಾಗ ತಾವೂ ಸೆರಗು ಬಾಯಿಗೆ ಹಿಡಿದು ನಗುತ್ತಾರೆ, ಅದು ಆಚಾರ. ಅವಳು ಯಾಕೆ ನಕ್ಕಳು ಎಂದು ಮಾತ್ರ ನೂರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ನಿಮ್ಮ ಕಾಲದಲ್ಲಿ ಇದರಿಂದ ಯಾರಿಗೂ ಕೇಡಾಗಲಿಲ್ಲ, ನಾನು ಬಲ್ಲೆ. ಮೈಲೇಜು ಹೇಳುವವನು ನಾಲ್ಕೈದು ಸೇರಿಸಿ ಹೇಳುತ್ತಿದ್ದ, ಕೇಳುವವನು ಮನಸ್ಸಿನಲ್ಲೇ ನಾಲ್ಕೈದು ಕಳೆದುಕೊಳ್ಳುತ್ತಿದ್ದ, ಇಬ್ಬರೂ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಎಣ್ಣೆ ತೀರಿದರೆ ಎರಡು ಮೈಲಿಗೊಂದು ಬಂಕು. ನಮ್ಮವರೆಗೆ ಅಂಕಿ ಬಂತು ಅಜ್ಜ, ಕಳೆಯುವ ರೂಢಿ ಬರಲಿಲ್ಲ. ನಿನ್ನ ಮಗಳು ಆರಾಧನಾ, ಈಗ ನಿನ್ನ ಹಿಂದಿನ ಸೀಟಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತಿರುವ ಒಂಬತ್ತು ವರ್ಷದ ಹುಡುಗಿ, ನೀನು ತೀರಿಕೊಂಡ ಮೇಲೆ ಇಂಧನದ ಮುಚ್ಚಳದ ಒಳಬದಿಗೆ ಕೆಂಪು ಬಣ್ಣದಲ್ಲಿ ೨೪ ಎಂದು ಬರೆದಳು, ಅಪ್ಪನ ನೆನಪಿಗೆ. ಬಂಕುಗಳು ಮುಚ್ಚಿ ಕಟ್ಟೆ ಹುಟ್ಟಿದಾಗ ಪ್ರತಿ ಗಾಡಿಯವರೂ ತಮ್ಮ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಎಂದು ಹಿರಿಯರ ಮೇಲೆ ಆಣೆ ಮಾಡಿ ಹೇಳಬೇಕಾಯಿತು. ಅದನ್ನು ಆಣೆ ಅಂಕಿ ಎನ್ನುತ್ತೇವೆ. ನಮ್ಮವರು ಮುಚ್ಚಳ ತೆಗೆದು ತೋರಿಸಿದರು. ದಂಟೆಣ್ಣೆಯ ಕಸುವು ಪೆಟ್ರೋಲಿನ ಮುಕ್ಕಾಲು ಮಾತ್ರ. ಕಟ್ಟೆಯವರು ಇಪ್ಪತ್ತನಾಲ್ಕರಲ್ಲಿ ಕಾಲು ಭಾಗ ಕಳೆದು ಹದಿನೆಂಟು ಎಂದು ಬರೆದುಕೊಂಡರು. ಅಂದಿನಿಂದ ಪ್ರತಿ ಹಿರೇರ ಹಬ್ಬದ ಮಾರನೆಯ ದಿನ ನಮ್ಮ ಮನೆಯವರು ಕಟ್ಟೆ ಹತ್ತಿ ಹದಿನೆಂಟು ಎಂದು ಆಣೆ ಇಡುತ್ತ ಬಂದಿದ್ದಾರೆ. ಎಷ್ಟು ದೂರವೋ ಅದನ್ನು ಹದಿನೆಂಟರಿಂದ ಭಾಗಿಸಿ, ಮೇಲೆ ದೇವರ ಪಾಲು ಎಂದು ಒಂದು ಲೀಟರು ಸೇರಿಸಿ, ಮುದ್ರೆ ಹಾಕಿದ ಡಬ್ಬಿಯಲ್ಲಿ ಕೊಡುತ್ತಾರೆ. ಅಂಕಿಯನ್ನು ಅಳೆದು ನೋಡುವುದು ನಿಷಿದ್ಧ. ಎಣ್ಣೆಯೂ ದಂಡ, ಹಿರಿಯರನ್ನು ಅನುಮಾನಿಸಿದ ಪಾಪವೂ ಹೌದು.

ನನ್ನ ತಂಗಿ ದಾನವ್ವ ಆಷಾಢದಲ್ಲಿ ಹೆರಿಗೆಗೆ ಕೂತಳು. ಅವಳ ಗಂಡ ಬಳ್ಳಾರಿಯ ಕಡೆ ಕೆಲಸಕ್ಕೆ ಹೋಗಿದ್ದ. ಹೊಟ್ಟೆ ಕೊಯ್ದು ಕೂಸು ತೆಗೆಯಬಲ್ಲ ರೋಣದ ವೈದ್ಯರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಗದಗ ಬಿಟ್ಟು ಜನ ಹೋಗಿ ಇಪ್ಪತ್ತು ವರ್ಷವಾಯಿತು. ಉಳಿದದ್ದು ಹುಬ್ಬಳ್ಳಿಯೊಂದೇ, ನೂರಾ ಎಂಟು ಕಿಲೋಮೀಟರು. ಕೂಸು ಅಡ್ಡ ಇದೆ ಎಂದು ಸೂಲಗಿತ್ತಿ ಎಂಟು ದಿನ ಮೊದಲೇ ಹೇಳಿದ್ದಳು. ಬಂಡಿ ಕಟ್ಟಿಕೊಂಡು ನಿಧಾನಕ್ಕೆ ಹೊರಟಿದ್ದರೂ ನಾಲ್ಕನೇ ದಿನ ಮುಟ್ಟಬಹುದಿತ್ತು. ನಾನು ಹಾಗೆಂದೆ. ದಾನವ್ವ ನನ್ನನ್ನೇ ಗೇಲಿ ಮಾಡಿದಳು. "ಮನ್ಯಾಗ ಗಾಡಿ ಇಟಗೊಂಡು ಬಂಡ್ಯಾಗ ಯಾಕ ಎಲಬು ಮುರಕೊಳ್ಳಲಿ? ಕಾರಜ್ಜನ ಗಾಡಿ ಐತಿ, ಹದಿನೆಂಟ ಕೊಡತೈತಿ, ನೀ ಸುಮ್ನಿರ" ಅಂದಳು. ಅವಳು ನಿನ್ನನ್ನು ನಂಬಿ ಮನೆಯಲ್ಲಿ ಕೂತಳು ಅಜ್ಜ. ನೋವು ಬಂದ ದಿನ ಬೆಳಿಗ್ಗೆ ಆರು ಲೀಟರು, ಮೇಲೆ ದೇವರ ಪಾಲು ಒಂದು, ಏಳು ಲೀಟರು ಹಾಕಿಕೊಂಡು ಹೊರಟೆವು. ಅವ್ವ ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ನಿನಗೆ ಗೊತ್ತಲ್ಲ. ನಾವು ಹೋಗುತ್ತಿದ್ದದ್ದೂ ಪಡುವಣಕ್ಕೆ. ದಾರಿಯುದ್ದಕ್ಕೂ ಗಾಳಿ ಗಾಡಿಯ ಎದೆಗೆ ಕೈಯಿಟ್ಟು ನೂಕಿತು. ಅಣ್ಣಿಗೇರಿ ದಾಟಿ ಸ್ವಲ್ಪ ಮುಂದೆ, ಎಂಬತ್ತು ಕಿಲೋಮೀಟರಿಗೆ, ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು.

ಅಲ್ಲಿ ನಡೆದದ್ದನ್ನು ಉದ್ದಕ್ಕೆ ಬರೆಯಲಾರೆ. ಬಯಲು ಎರೆಹೊಲ, ಒಂದು ಗಿಡದ ನೆರಳೂ ಇರಲಿಲ್ಲ. ಅವ್ವ ಅಣ್ಣಿಗೇರಿಗೆ ಹಿಂದಕ್ಕೆ ಓಡಿದಳು, ಐವತ್ತೈದರ ಮುದುಕಿ, ಬರಿಗಾಲಲ್ಲಿ. ಬಂಡಿ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾನವ್ವ ಹೋಗಿದ್ದಳು, ಕೂಸೂ ಅವಳೊಳಗೇ ಹೋಗಿತ್ತು. ಅವಳು ಕೊನೆಗೆ ಆಡಿದ ಮಾತು ದೊಡ್ಡದೇನಲ್ಲ. "ಅಕ್ಕಾ, ಗಾಡಿಗೇನಾತ ನೋಡ" ಅಂದಳು. ತನಗಿಂತ ಗಾಡಿಯ ಚಿಂತೆಯೇ ಅವಳಿಗೆ ಹೆಚ್ಚಾಗಿತ್ತು. ನಮ್ಮ ಮನೆಯವರೆಲ್ಲ ಹಾಗೇ.

ಅಳುವುದಕ್ಕೂ ಊರು ನಮಗೆ ಪುರಸೊತ್ತು ಕೊಡಲಿಲ್ಲ. ಏಳು ಲೀಟರಿಗೆ ಹದಿನೆಂಟರಂತೆ ನೂರಾ ಇಪ್ಪತ್ತಾರು ಕಿಲೋಮೀಟರು ಓಡಬೇಕಿತ್ತು. ಎಂಬತ್ತಕ್ಕೆ ನಿಂತಿದೆ. ಹಾಗಾದರೆ ಎರಡೂವರೆ ಲೀಟರು ಎಲ್ಲಿ ಹೋಯಿತು? ಮೂರನೆಯ ದಿನಕ್ಕೇ ಗುಸುಗುಸು ಎದ್ದಿತು, ದಿನಕರ್ಮ ಮುಗಿಯುವ ಮೊದಲೇ ಬೀದಿಗೆ ಬಂತು. ಗಂಗವ್ವ ಎಣ್ಣೆ ಕದ್ದು ಮಾರಿಕೊಂಡಿದ್ದಾಳೆ. ಹೆತ್ತ ಮಗಳ ಪಾಲಿನ ಎಣ್ಣೆ! ಮೂವತ್ತು ವರ್ಷ ಇದೇ ಮಾಡಿರಬೇಕು, ಈ ಸಲ ಸಿಕ್ಕಿಬಿದ್ದಳು. ಬಾವಿಯ ಸರದಿಯಲ್ಲಿ ಅವಳ ಕೊಡವನ್ನು ಹಿಂದಕ್ಕೆ ಸರಿಸಿದರು. ಹಿಂದೆ ಯಾರ ಮಗುವನ್ನು ಅವ್ವ ಗಾಡಿಯಲ್ಲಿ ರೋಣಕ್ಕೆ ಒಯ್ದು ಉಳಿಸಿಕೊಟ್ಟಿದ್ದಳೋ ಆ ಶಿವಲೀಲಾ, ಅವ್ವ ಎದುರಿಗೆ ಬಂದರೆ ನೆಲಕ್ಕೆ ಉಗುಳಿ ದಾಟುತ್ತಾಳೆ. ಊರ ಬಾಯಿಗೆ ಮುಚ್ಚಳ ಎಲ್ಲಿ ತರಲಿ? ತಾನು ಕದ್ದಿಲ್ಲ ಎಂದು ಅವ್ವ ನನ್ನ ಮುಂದೆ ಕೂಡ ಹೇಳಲಿಲ್ಲ. ರೊಟ್ಟಿ ತಟ್ಟುತ್ತಾಳೆ, ಉಣ್ಣುವುದಿಲ್ಲ.

ನಾನು ಅವಳ ಮಗಳು. ಕದ್ದಿಲ್ಲ ಎಂದು ನನಗೆ ಗೊತ್ತಿತ್ತು. ಡಬ್ಬಿಯ ಮುದ್ರೆ ಒಡೆದು ಏಳು ಲೀಟರನ್ನೂ ಸುರಿದವಳು ನಾನೇ. ನನ್ನ ಮಾತಿಗೆ ಬೆಲೆ ಇಲ್ಲ, ಕಳ್ಳಿಯ ಮಗಳು ಇನ್ನೇನು ಹೇಳುತ್ತಾಳೆ. ಹಾಗಾದರೆ ತಪ್ಪಿದ್ದು ಇನ್ನೊಂದೇ ಕಡೆ, ಆಣೆ ಅಂಕಿಯಲ್ಲಿ. ಅಳೆಯುವುದು ಪಾಪ ಎಂದು ಗೊತ್ತಿದ್ದೂ ಅಳೆಯಲು ಹೊರಟೆ. ದೀಪಕ್ಕೆಂದು ಕಟ್ಟೆ ಪ್ರತಿ ಮನೆಗೆ ತಿಂಗಳಿಗೆ ಅರ್ಧ ಲೀಟರು ಕೊಡುತ್ತದೆ. ಎರಡು ತಿಂಗಳು ದೀಪ ಹಚ್ಚದೆ, ಹೊತ್ತು ಮುಳುಗುವ ಮೊದಲೇ ಉಂಡು ಮಲಗಿ, ಒಂದು ಲೀಟರು ಕೂಡಿಸಿದೆ. ಕಣ್ಣುನೋವು ಎಂದು ಅವ್ವನಿಗೆ ಸುಳ್ಳು ಹೇಳಿದ್ದೆ. ಅವಳು ಸಂತೆಗೆ ಹೋದ ದಿನ ಗಾಡಿಯನ್ನು ಬತ್ತಿದ ಕೆರೆಯಂಗಳಕ್ಕೆ ತಳ್ಳಿಕೊಂಡು ಹೋಗಿ, ಟ್ಯಾಂಕಿನ ಕೊನೆಯ ಹನಿಯನ್ನೂ ಬಸಿದು, ಅಳೆದು ಒಂದು ಲೀಟರು ಹಾಕಿದೆ. ಕೆರೆಯಂಗಳದ ಒಂದು ಸುತ್ತು ಸರಿಯಾಗಿ ಒಂದು ಕಿಲೋಮೀಟರು, ಹಗ್ಗ ಹಿಡಿದು ಅಳೆದಿದ್ದೆ. ಗಾಳಿ ಇರಲಿಲ್ಲ, ಹೊರೆ ಇರಲಿಲ್ಲ, ಒಳಗೆ ನಾನೊಬ್ಬಳೇ. ಹತ್ತು ಸುತ್ತಾಯಿತು. ಹನ್ನೊಂದಾಯಿತು. ಹನ್ನೆರಡನೆಯ ಸುತ್ತು ಮುಗಿಯುವ ಹೊತ್ತಿಗೆ ನಿಂತಿತು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ಹಬ್ಬದ ದಿನ. ಮುಪ್ಪಿನ ಗಾಡಿ, ಒಂದೆರಡು ಕಡಿಮೆಯಾಗುವುದು ಸಹಜ ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿಯೂ ನೋಡಿದೆ. ಒಂದೆರಡನ್ನು ಮುಪ್ಪು ತಿಂದೀತು, ಆರನ್ನು ತಿನ್ನುವುದಿಲ್ಲ. ಆಗಲೇ ನನಗೆ ಪಾರವ್ವಜ್ಜಿಯ ನಗು ಅರ್ಥವಾಗಿದ್ದು.

ಈಗ ನನ್ನ ಸಂಕಟ ಕೇಳು. ಲೀಟರಿಗೆ ಹದಿನೈದಕ್ಕಿಂತ ಕಡಿಮೆ ಓಡುವ ಗಾಡಿಗೆ ಕಟ್ಟೆ ಎಣ್ಣೆ ಕೊಡುವುದಿಲ್ಲ. ಅದರ ಪಾಲು ಎತ್ತುಗಳ ಮೇವಾಗಿ ಉಳಿಯುತ್ತದೆ, ಎಂಜಿನ್ನು ಬಿಚ್ಚಿ ಗಿರಣಿಗೆ ಹಾಕುತ್ತಾರೆ. ನಾಳೆ ಆಣೆಯ ದಿನ. ಅವ್ವ ಕಟ್ಟೆ ಹತ್ತುವಂತಿಲ್ಲ, ಕಳ್ಳಿ. ಆಣೆ ಇಡಬೇಕಾದವಳು ನಾನು. ಹನ್ನೆರಡು ಎಂದರೆ ಅವ್ವನ ಮೇಲಿನ ಕಳಂಕ ಹೋಗುತ್ತದೆ, ಊರಿನ ಒಂದೇ ಗಾಡಿಯೂ ಹೋಗುತ್ತದೆ. ಹದಿನೆಂಟು ಎಂದರೆ ಗಾಡಿ ಉಳಿಯುತ್ತದೆ, ಅವ್ವ ಮಗಳ ಎಣ್ಣೆ ಕದ್ದವಳಾಗಿಯೇ ಸಾಯುತ್ತಾಳೆ. ಕಟ್ಟೆಯ ಹಿರಿಯ ಬಸಲಿಂಗಜ್ಜನಿಗೆ ಗುಟ್ಟಾಗಿ ಹೇಳಿದೆ. ಆತ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಗಡ್ಡ ಕೆರೆದುಕೊಂಡು, "ನಿಮ್ಮವ್ವಂದು ಇನ್ನ ಎಷ್ಟ ದಿನದ ಆಟ? ಊರಿಗೆ ಗಾಡಿ ಬೇಕವಾ. ಹದಿನೆಂಟ ಅಂದಬಿಡ" ಅಂದ. ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ, ಕೆರೆಯಂಗಳದ ಸುತ್ತುಗಳನ್ನೂ ಹೇಳಿದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಟ್ಟಿನ ಕೈ ಒರೆಸಿಕೊಳ್ಳದೆ, "ಹದಿನೆಂಟ ಅನ್ನು. ಹಿರೇರ ಹೆಸರ ಕೆಡಸಬ್ಯಾಡ. ನನ್ನ ಬೈದರ ನನಗೇನೂ ಆಗೂದಿಲ್ಲ" ಅಂದಳು. ಅಪ್ಪ ಹಾಕಿದ ಆಲದ ಮರವೆಂದು ನೇಣು ಹಾಕಿಕೊಳ್ಳುತ್ತಾರೆಯೇ ಎಂದು ಕಿರುಚಿದೆ. ಅವಳು ಒಲೆಯ ಕಡೆ ತಿರುಗಿಬಿಟ್ಟಳು. ನಾಳೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಎಡೆ ಬಡಿಸಿಯಾಗಿದೆ. ಉಣ್ಣು.

ಆಶ್ವಯುಜ ಶುದ್ಧ ತದಿಗೆ.

ಎಲೆಯ ಕೆಳಗಿನಿಂದ ಕಾಗದವನ್ನು ತಿರುಗಿ ತೆಗೆದುಕೊಂಡಿದ್ದೇನೆ. ತುಪ್ಪದ ಕಲೆ ಬಿಟ್ಟರೆ ಓದಿದ ಗುರುತೇನೂ ಇಲ್ಲ. ಉಳಿದದ್ದನ್ನು ಬೆನ್ನಿಗೆ ಬರೆಯುತ್ತೇನೆ, ಪೂರ್ತಿ ಓದು.

ಮೊನ್ನೆ ಕಟ್ಟೆಯ ಮುಂದೆ ಊರೇ ನೆರೆದಿತ್ತು. ಶಿವಲೀಲಾ ಮುಂದಿನ ಸಾಲಿನಲ್ಲೇ ನಿಂತಿದ್ದಳು, ಅದೇ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು. ಅವಳನ್ನು ನೋಡಿದೆ, ಹದಿನೆಂಟು ಎನ್ನಲು ಹೊರಟ ನಾಲಿಗೆ ಹೊರಳಲಿಲ್ಲ. ಹನ್ನೆರಡು ಎಂದೆ. ಬಸಲಿಂಗಜ್ಜ ಕೇಳದವನಂತೆ ಮತ್ತೊಮ್ಮೆ ಕೇಳಿದ. ಮತ್ತೂ ಹನ್ನೆರಡು ಎಂದೆ. ನಮ್ಮ ಕಾರಜ್ಜ ಸಡ್ಡಕನ ಮುಂದೆ ಜಂಬ ಕೊಚ್ಚಿದ, ನಾವು ಅದನ್ನು ವೇದ ಮಾಡಿಕೊಂಡೆವು, ನಂಬದಿದ್ದರೆ ಎಣ್ಣೆ ತನ್ನಿ, ಎಲ್ಲರ ಮುಂದೆ ಅಳೆಯೋಣ ಎಂದೆ. ಗದ್ದಲವೆದ್ದಿತು. ಅಕ್ಕೋರಿಗೆ ತಲೆ ಕೆಟ್ಟಿದೆ ಎಂದರು, ತಾಯಿಯನ್ನು ಉಳಿಸಲು ಹಿರಿಯನನ್ನು ಮಾರುತ್ತಿದ್ದಾಳೆ ಎಂದರು. ಯಾರೋ ಒಬ್ಬರು ಅಳೆದೇ ನೋಡಿಬಿಡಿ ಎಂದಾಗ ಉಳಿದವರೂ ಹೂಂಗುಟ್ಟಿದರು. ನೂರಾರು ಜನ ಕೆರೆಯಂಗಳದಲ್ಲಿ ನಿಂತು ಸುತ್ತು ಎಣಿಸಿದರು. ಒಂಬತ್ತರವರೆಗೆ ಕೂಗಿ ಎಣಿಸುತ್ತಿದ್ದವರು ಹತ್ತಕ್ಕೆ ದನಿ ತಗ್ಗಿಸಿದರು, ಹನ್ನೊಂದಕ್ಕೆ ಯಾರ ಬಾಯಿಯೂ ಏಳಲಿಲ್ಲ. ಗಾಡಿ ಹನ್ನೆರಡರ ಗುರುತಿಗೆ ಹತ್ತು ಮಾರು ಹಿಂದೆ ನಿಂತಿತು.

ಬಸಲಿಂಗಜ್ಜ ನಮ್ಮ ಮನೆಯವರೆಗೆ ನಡೆದು ಬಂದು ಹೊಸ್ತಿಲಾಚೆ ನಿಂತು, "ಗಂಗವ್ವಾ, ಊರಿಂದ ತಪ್ಪಾತು" ಎಂದು ಕೈ ಮುಗಿದ. ಶಿವಲೀಲಾ ಬಂದು ಅವ್ವನ ಕಾಲು ಹಿಡಿದು ಗೊಳೋ ಎಂದು ಅತ್ತಳು. ಯಾರ್ಯಾರೋ ರೊಟ್ಟಿ ಬುಟ್ಟಿ ತಂದಿಟ್ಟರು. ಮಧ್ಯಾಹ್ನವೇ ಕಮ್ಮಾರರು ಬಂದು ಗಾಡಿಯನ್ನು ತಳ್ಳಿಕೊಂಡು ಹೋದರು. ಅದರ ಎಂಜಿನ್ನು ಇನ್ನು ಜೋಳ ಬೀಸುತ್ತದೆ. ಇನ್ನು ಮುಂದೆ ನೋವು ಬಂದವರನ್ನು ಬಂಡಿಯಲ್ಲೇ ಒಯ್ಯಬೇಕು, ಎಷ್ಟು ಜನ ಉಳಿಯುತ್ತಾರೋ ಶಿವನೇ ಬಲ್ಲ. ಅಂದು ಗಾಡಿ ಹೋದ ಮೇಲೆ ಊರವರು ನಮ್ಮನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಅದೂ ಸರಿಯೇ. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಿತ್ತು. ಅವ್ವನ ಪಕ್ಕ ಕೂತು, ಇನ್ನಾದರೂ ಒಂದು ತುತ್ತು ಉಣ್ಣವ್ವಾ, ನೀನು ಕಳ್ಳಿ ಅಲ್ಲ ಎಂದು ಊರಿಗೇ ಗೊತ್ತಾಯಿತು ಎಂದೆ.

ಆಗ ಅವಳು ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. "ನನಗ ಗೊತ್ತಿತ್ತ ಯವ್ವಾ" ಅಂದಳು. ಮೂವತ್ತು ವರ್ಷ ಓಡಿಸಿದ ಕಾಲಿಗೆ ಗಾಡಿ ಎಷ್ಟು ಕುಡಿಯುತ್ತದೆ ಎಂದು ತಿಳಿಯದೆ ಇರುತ್ತದೆಯೇ? ರೋಣ, ಕುಷ್ಟಗಿ, ಇಳಕಲ್ಲು ಎಲ್ಲ ಹತ್ತಿರದ ಊರುಗಳು. ಅಲ್ಲಿಗೆಲ್ಲ ದೇವರ ಪಾಲಿನ ಒಂದು ಲೀಟರು ಸುಳ್ಳನ್ನು ಮುಚ್ಚಿಕೊಡುತ್ತಿತ್ತು. ಎರಡು ಸಲ ರೋಣದ ಅಗಸಿಬಾಗಿಲಿನ ಹತ್ತಿರ ಗಾಡಿ ನಿಂತು, ಇವಳೇ ತಳ್ಳಿಕೊಂಡು ಹೋಗಿ, ಯಾರಿಗೂ ಹೇಳಬೇಡಿ ಎಂದು ಅಲ್ಲಿಯವರ ಬಾಯಿ ಕಟ್ಟಿಸಿದ್ದಳಂತೆ. ನಿಜ ಹೇಳಿದರೆ ಊರಿಗೆ ಗಾಡಿ ಇಲ್ಲದಂತಾಗುತ್ತದೆ, ತನ್ನ ಕೈಯಲ್ಲಿ ಹಿರಿಯನ ಮಾತು ಮುರಿಯುತ್ತದೆ ಎಂದು ನುಂಗಿಕೊಂಡೇ ಬಂದಳು. ದಾನವ್ವ ಬಂಡಿ ಬೇಡ, ಗಾಡಿ ಇದೆ ಎಂದಾಗ ಇವಳು ಪಕ್ಕದಲ್ಲೇ ಕೂತಿದ್ದಳು, ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಗಾಳಿ ನಿಂತೀತು, ಏಳು ಲೀಟರಿದೆ, ಹೇಗೋ ಮುಟ್ಟೀತು ಎಂದು ಅಂದುಕೊಂಡಳಂತೆ. ಹಾಗಾದರೆ ಊರು ಕಳ್ಳಿ ಎಂದಾಗಲಾದರೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಕಳ್ಳಿ ಅಂದ್ರ ಊರ ಬೈತಿತ್ತ. ಗೊತ್ತಿತ್ತು ಅಂದ್ರ ದಾನವ್ವ ಬೈತಾಳ" ಅಂದಳು.

ನಾನು ಅವಳ ಮೇಲಿನ ಕಳಂಕ ತೊಳೆಯಲು ಹೋಗಿ, ಅವಳು ಮರೆಯಾಗಿ ಕೂತಿದ್ದ ಒಂದೇ ಗೋಡೆಯನ್ನು ಕೆಡವಿದ್ದೇನೆ ಅಜ್ಜ. ಈಗ ಬಾವಿಯಲ್ಲಿ ಅವಳಿಗೆ ಮೊದಲ ಸರದಿ ಬಿಡುತ್ತಾರೆ, ಪಾಪ ಗಂಗವ್ವ ಎನ್ನುತ್ತಾರೆ. ಅವಳು ಕೊಡ ಅಲ್ಲೇ ಬಿಟ್ಟು ಮನೆಗೆ ಬರುತ್ತಾಳೆ. ನಾನು ಅವಳನ್ನು ಬೈಯಬೇಕೋ, ತಬ್ಬಿಕೊಳ್ಳಬೇಕೋ ಗೊತ್ತಾಗದೆ ಎರಡು ದಿನದಿಂದ ಒಂದೇ ಮನೆಯಲ್ಲಿ ಇಬ್ಬರೂ ಬೇರೆಬೇರೆ ಮೂಲೆ ಹಿಡಿದಿದ್ದೇವೆ. ಅವಳ ಬಗ್ಗೆ ನನಗಿನ್ನೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ. ನಿನ್ನ ಬಗ್ಗೆ ಬಂದಿದ್ದೇನೆ. ನೀನು ಕೆಟ್ಟವನಲ್ಲ. ಹೊಸ ಕಾರು ತಂದವನ ಹಿಗ್ಗು, ಅಷ್ಟೇ. ಆದರೆ ನಿನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನಿಮ್ಮಿಬ್ಬರ ನಡುವೆ ಓಡಿಸಿದವರಿಗೆಲ್ಲ ಗೊತ್ತಿದ್ದಿರಬೇಕು. ಗೊತ್ತಿರದೆ ಇದ್ದದ್ದು, ಅದನ್ನು ನಂಬಿ ಕೂತ ದಾನವ್ವನಿಗೆ.

ಈ ಕಾಗದ ನಿನಗೆ ಮುಟ್ಟುತ್ತದೆಯೋ ಇಲ್ಲವೋ ನಾನರಿಯೆ. ಮುಟ್ಟಿದರೆ ಒಂದೇ ಬೇಡಿಕೆ. ಊರಿಗೆ ಏನಾದರೂ ಹೇಳಿಕೋ. ಬೇಕಾದರೆ ನಿನ್ನ ಸಡ್ಡಕನಿಗೆ ಇಪ್ಪತ್ತೆಂಟು ಎಂದು ಹೇಳು, ಅವನ ಹೊಟ್ಟೆ ಉರಿಯಲಿ. ಅವನು ಮನಸ್ಸಿನಲ್ಲೇ ನಾಲ್ಕೈದು ಕಳೆದುಕೊಳ್ಳುತ್ತಾನೆ. ಅವನು ಹೋದ ಮೇಲೆ ಗಾಡಿಯ ಹಿಂದಿನ ಬಾಗಿಲು ತೆಗೆದು, ಆರಾಧನಾಳ ಪಕ್ಕ ಕೂತು, ಅವಳಿಗೆ ಮಾತ್ರ ಹದಿನಾರು ಎಂದು ಹೇಳು. ಅವಳಿನ್ನೂ ಸಣ್ಣವಳು. ಅಪ್ಪ ಹೇಳಿದ್ದನ್ನು ಹೇಳಿದಂತೆಯೇ ನಂಬುತ್ತಾಳೆ.